ಪಿಟೀಲು, ತಾಲೀಮು, ಟಿಫನ್ ಡಬ್ಬಿ: ಹವ್ಯಾಸಕ್ಕೆ ಯಾವ ಹೊತ್ತು ಸರಿ?

40 ದಾಟಿದ ಮೇಲೆ ಪಿಟೀಲು ಹಿಡಿದವನು ನಾನು. ಮೂರೂವರೆ ವರ್ಷ ಆಯಿತು, ಇನ್ನೂ ಕೀರ್ತನೆಗೆ ಮೊದಲು ಕಲಿಯುವ ವರ್ಣದ ಹತ್ತಿರವೇ ಒದ್ದಾಡುತ್ತಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ದಿನಕ್ಕೆ ಹದಿನೈದು ನಿಮಿಷ ಕೊಟ್ಟರೆ ಆರು ತಿಂಗಳಲ್ಲಿ ಕಛೇರಿ ಮಾಡಬಹುದು ಅನ್ನೋ ಥರದ ಮಾತು ಬೇಕಿದ್ದವರಿಗೆ ಇಲ್ಲಿ ಏನೂ ಸಿಗುವುದಿಲ್ಲ.

ನಾನು ಸಾಫ್ಟ್‌ವೇರ್ ಕಂಪನಿಯೊಂದರ ಟೆಸ್ಟಿಂಗ್ ಟೀಮಿನಲ್ಲಿದ್ದೇನೆ. ಹೆಂಡತಿ ಬ್ಯಾಂಕಿನಲ್ಲಿದ್ದಾಳೆ, ಜೊತೆಗೆ ಹವ್ಯಾಸಿ ನಾಟಕ ತಂಡವೊಂದರಲ್ಲಿ ಪಾತ್ರ ಮಾಡುತ್ತಾಳೆ. ಮಗಳಿಗೆ 9 ವರ್ಷ. ಅಮ್ಮ ನಮ್ಮ ಜೊತೆಗೇ ಇದ್ದಾರೆ. ಮನೆ ಬೆಂಗಳೂರಿನ ವಿಜಯನಗರದಲ್ಲಿ, ಆಫೀಸು ಕುಂದಲಹಳ್ಳಿ ಕಡೆ. ಊರಿನ ಆ ತುದಿ ಈ ತುದಿ.

ಕೆಲಸ, ಮನೆ, ಪಿಟೀಲು ಮೂರನ್ನೂ ಹೊಂದಿಸೋಕೆ ಬೆಳಗಿನ ಜಾವ, ರಾತ್ರಿ, ಮೆಟ್ರೊ, ಶನಿವಾರ ಹೀಗೆ ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ಹತ್ತಿ ಇಳಿದಿದ್ದೇನೆ. ಕೆಲವನ್ನು ನಾನು ಮಾಡಿದ್ದು, ಕೆಲವನ್ನು ಹೆಂಡತಿ ಮಾಡಿದ್ದು, ಒಂದನ್ನು ಸಹೋದ್ಯೋಗಿಯೊಬ್ಬಳು ಮಾಡಿ ಕೈ ಸುಟ್ಟುಕೊಂಡಿದ್ದು. ಯಾವುದು ಸುಲಭ ಅಂತ ನೋಡೋಕೆ ಹೋದರೆ ಎಲ್ಲವೂ ಮೊದಲ ಎರಡು ವಾರ ಸುಲಭವೇ. ಹಾಗಾಗಿ ಪ್ರತಿ ದಾರಿಗೂ ಒಂದೇ ಪ್ರಶ್ನೆ ಕೇಳಿದ್ದೇನೆ. ಈ ಒಂದು ಗಂಟೆ ಯಾರ ಖಾತೆಯಿಂದ ಬಂತು? ನಿಮ್ಮ ನಿದ್ದೆಯಿಂದಲೋ, ಹೆಂಡತಿ ಅಥವಾ ಗಂಡನ ಬೆನ್ನಿನಿಂದಲೋ, ಮಗುವಿನ ಸಂಜೆಯಿಂದಲೋ, ಸಂಬಳದಿಂದಲೋ? ಪುಕ್ಕಟೆ ಗಂಟೆ ಅನ್ನೋದನ್ನು ನಾನಂತೂ ನೋಡಿಲ್ಲ.

ಮೊದಲು ಸ್ವಲ್ಪ ಲೆಕ್ಕ

ವಾರಕ್ಕೆ 168 ಗಂಟೆ. ನಿದ್ದೆಗೆ ದಿನಕ್ಕೆ 8ರಂತೆ 56 ತೆಗೆಯಿರಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಲ್ಲಿ ಇರುವ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಅದನ್ನೂ ತೆಗೆಯಿರಿ. ಓಡಾಟಕ್ಕೆ ದಿನಕ್ಕೆ ಎರಡೂವರೆ ಗಂಟೆ, ಐದು ದಿನಕ್ಕೆ 12.5. ಸ್ನಾನ, ತಿಂಡಿ, ಊಟಕ್ಕೆ ದಿನಕ್ಕೆ ಒಂದೂವರೆಯಂತೆ 10.5. ಕೈಯಲ್ಲಿ ಉಳಿದದ್ದು 41 ಗಂಟೆ. ಅಡುಗೆ, ಪಾತ್ರೆ, ಮಗುವಿನ ಹೋಂವರ್ಕ್, ತರಕಾರಿ, ಅಮ್ಮನ ಡಾಕ್ಟರು, ನೆಂಟರ ಮನೆಯ ಗೃಹಪ್ರವೇಶ ಎಲ್ಲವೂ ಇದರೊಳಗೇ ಆಗಬೇಕು.

2023ರ ಅಕ್ಟೋಬರ್‌ನಲ್ಲಿ ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದಾಗ ನಾನು ಇದೇ ಲೆಕ್ಕವನ್ನು ಇನ್ನೊಮ್ಮೆ ಹಾಕಿದೆ. 41ರ ಜಾಗದಲ್ಲಿ 19 ಉಳಿಯಿತು. ದಿನಕ್ಕೆ ಎರಡು ಮುಕ್ಕಾಲು ಗಂಟೆಯೂ ಇಲ್ಲ. ಅಷ್ಟರಲ್ಲಿ ಸಂಸಾರವೂ ಆಗಬೇಕು, ಪಿಟೀಲೂ ಆಗಬೇಕು ಅಂದರೆ ಮನೆಯಲ್ಲಿ ಬೇರೆ ಯಾರೋ ಎಲ್ಲವನ್ನೂ ಮಾಡಿ ಮುಗಿಸುತ್ತಿರಬೇಕು. ಅಲ್ವಾ?

ನಿಮ್ಮ ಲೆಕ್ಕವನ್ನು ನೀವೇ ಒಂದು ಸಲ ಹಾಕಿ ನೋಡಿ, ಹಾಳೆಯ ಮೇಲೆ. ನನಗೆ ವಾರಕ್ಕೆ ಐದು ಗಂಟೆ ಪಿಟೀಲಿಗೆ ಬೇಕಿತ್ತು. ಎಷ್ಟು ಬೇಕು ಅನ್ನೋದು ಗೊತ್ತಿಲ್ಲದೆ ಎಲ್ಲಿಂದ ತೆಗೆಯೋದು ಅಂತ ಯೋಚಿಸಿ ಪ್ರಯೋಜನ ಇಲ್ಲ.

ಬೆಳಗಿನ ಜಾವ

ಎಲ್ಲರೂ ಮೊದಲು ಹೇಳುವುದು ಇದನ್ನೇ. ಐದಕ್ಕೆ ಏಳು, ಫೋನ್ ಬರಲ್ಲ, ತಲೆ ತಿಳಿಯಾಗಿರುತ್ತೆ. ಎಲ್ಲಾ ನಿಜ. ಸಂಗೀತದವರಂತೂ ಬೆಳಗಿನ ಸಾಧನೆ ಅಂದರೆ ಕೈ ಮುಗಿಯುತ್ತಾರೆ. ನಾನೂ ಒಂದೂವರೆ ವರ್ಷ ಬೆಳಗ್ಗೆ 5.15ಕ್ಕೆ ಎದ್ದು, ಹಾಲ್‌ನಲ್ಲಿ ಚಾಪೆ ಹಾಸಿಕೊಂಡು, ಶ್ರುತಿ ಪೆಟ್ಟಿಗೆಯನ್ನು ಸಣ್ಣಗೆ ಹಚ್ಚಿ, ಪಿಟೀಲಿನ ತಲೆಯನ್ನು ಬಲಪಾದದ ಮೇಲಿಟ್ಟು ಸರಳೆ ವರಸೆ ಅನ್ನೋ ಮೊದಲ ಪಾಠವನ್ನು ಮೂರು ಕಾಲದಲ್ಲಿ, ಅಂದರೆ ಮೂರು ವೇಗದಲ್ಲಿ, ಉಜ್ಜುತ್ತಿದ್ದೆ. 6.45ಕ್ಕೆ ಏಳುವಾಗ ಏನೋ ಸಾಧಿಸಿದ ಹೆಮ್ಮೆ. ಆಫೀಸಿನಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡಿದ್ದೇ ಹೇಳಿಕೊಂಡಿದ್ದು.

ಒಂದು ಭಾನುವಾರ ಹೆಂಡತಿ ಹುರುಳಿಕಾಯಿ ನಾರು ತೆಗೆಯುತ್ತಾ ಕೇಳಿದಳು. "ಬೆಳಗ್ಗೆ ಎದ್ದು ಸಾಧನೆ ಮಾಡ್ತೀನಿ ಅಂತ ಎಲ್ಲರ ಹತ್ರ ಹೇಳ್ತೀಯಲ್ಲ, ಆ ಹೊತ್ತಲ್ಲಿ ನಾನು ಏನು ಮಾಡ್ತಿರ್ತೀನಿ ಗೊತ್ತಾ?" ನಾನು "ಅಡುಗೆ" ಅಂದೆ. ಅವಳು ನಕ್ಕಳು, ಆಮೇಲೆ ಬೆರಳು ಮಡಚಿ ಎಣಿಸಿದಳು. ಹಾಲು ಒಳಗೆ ತಂದು ಕಾಯಿಸೋದು. ಕಾವೇರಿ ನೀರು ಬರೋ ದಿನವಾದರೆ ಮೋಟರ್ ಹಾಕೋದು, ಟ್ಯಾಂಕ್ ತುಂಬಿತಾ ಅಂತ ಕಿವಿ ಕೊಟ್ಟು ನಿಲ್ಲೋದು. ಕುಕ್ಕರ್. ತಿಂಡಿ. ಮೂರು ಡಬ್ಬಿ. ಮಗಳನ್ನು ಎಬ್ಬಿಸೋದು, ಮತ್ತೆ ಎಬ್ಬಿಸೋದು, ಜಡೆ. "ನಿನ್ನ ಎರಡನೇ ಕಾಲ ಮುಗಿಯೋ ಹೊತ್ತಿಗೆ ನನ್ನ ಕುಕ್ಕರ್ ಮೂರು ಸಲ ಕೂಗಿರುತ್ತೆ" ಅಂದಳು. ಜಗಳದ ದನಿಯಲ್ಲಿ ಹೇಳಿದ್ದರೆ ನಾನೂ ಏನಾದರೂ ವಾದ ಮಾಡುತ್ತಿದ್ದೆ. ಅವಳು ಸುಮ್ನೆ ಹೇಳಿದಳು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತ್ತು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಆ 97 ಕೂಡ ಮನೆಗೆಲಸಕ್ಕೆ ಕೈ ಹಾಕುವ ಗಂಡಸರ ಸರಾಸರಿ. ಹಾಗೆ ಕೈ ಹಾಕುವವರು ನೂರಕ್ಕೆ 26 ಜನ ಮಾತ್ರ, ಹೆಂಗಸರಲ್ಲಿ 81.

ಹಾಗಂತ ಬೆಳಗಿನ ಜಾವ ಕೆಟ್ಟ ದಾರಿ ಅಂತಲ್ಲ. ಬೆಲೆಯನ್ನು ನೀವೇ ತೆರೋದಾದರೆ ಇದಕ್ಕಿಂತ ಒಳ್ಳೆಯದಿಲ್ಲ. ಅಂದರೆ ರಾತ್ರಿ ಹತ್ತಕ್ಕೆ ಮಲಗಬೇಕು, ಮನೆಯ ಕೆಲಸ ಶುರುವಾಗೋ ಮೊದಲೇ ಕೂತು ಏಳಬೇಕು. ಈಗ ನಾನು 4.50ಕ್ಕೆ ಏಳುತ್ತೇನೆ, 5.45ಕ್ಕೆ ಕಮಾನು ಪೆಟ್ಟಿಗೆ ಸೇರಿರುತ್ತದೆ, ಆಮೇಲೆ ನೀರು, ಹಾಲು, ಡಬ್ಬಿ ನನ್ನದು. ಮೊದಲು ಒಂದೂವರೆ ಗಂಟೆ ಸಿಗುತ್ತಿತ್ತು, ಈಗ ಮುಕ್ಕಾಲು ಗಂಟೆ. ನಿಜವಾಗಿ ನನ್ನದು ಅನ್ನಬಹುದಾದದ್ದು ಅಷ್ಟೇ ಇತ್ತು.

ಇನ್ನೊಂದು ಮಾತು, ಸದ್ದಿನದು. ಓಡೋದು, ಯೋಗ, ಓದೋದು, ಬರೆಯೋದು ಆದರೆ ಬೆಳಗಿನ ಜಾವ ಯಾರಿಗೂ ತೊಂದರೆ ಇಲ್ಲ. ವಾದ್ಯವಾದರೆ ಪಕ್ಕದ ಮನೆಯವರೂ ನಿಮ್ಮ ಶಿಷ್ಯರೇ. ಪಿಟೀಲಿಗೆ ಒಂದು ಉಪಾಯ ಇದೆ. ಕುದುರೆ, ಅಂದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ತುಂಡು, ಅದರ ಮೇಲೆ ಕೂರಿಸುವ ಸಣ್ಣ ರಬ್ಬರ್ ತುಂಡು ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಹಾಕಿದರೆ ದನಿ ಸೊಳ್ಳೆಯಷ್ಟಾಗುತ್ತದೆ. ಮೃದಂಗದವರಿಗೆ ಏನು ಹೇಳಬೇಕೋ ನನಗೆ ತೋಚುತ್ತಿಲ್ಲ.

ರಾತ್ರಿ, ಎಲ್ಲರೂ ಮಲಗಿದ ಮೇಲೆ

ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ನನ್ನ ಕೈಲಿ ಆಗಲಿಲ್ಲ. ನಮ್ಮದು ಅಮೆರಿಕದ ಜೊತೆಗಿನ ಕೆಲಸ. ಕ್ಯಾಲಿಫೋರ್ನಿಯಾದವರ ಬೆಳಗಿನ 9 ಗಂಟೆ ಅಂದರೆ ನಮಗೆ ರಾತ್ರಿ 9.30. ನವೆಂಬರ್‌ನಲ್ಲಿ ಅವರು ಗಡಿಯಾರ ಹಿಂದಕ್ಕೆ ತಿರುಗಿಸುತ್ತಾರೆ, ಆಗ ಅದೇ ಕಾಲ್ ನಮಗೆ 10.30ಕ್ಕೆ ಬರುತ್ತದೆ, ಮಾರ್ಚ್ ತನಕ. ವರ್ಷದಲ್ಲಿ ನಾಲ್ಕು ತಿಂಗಳು ರಾತ್ರಿ ಅನ್ನೋದೇ ಇರುವುದಿಲ್ಲ. ನಿಮ್ಮದು ಅಂಥ ಕೆಲಸವಲ್ಲದಿದ್ದರೆ, ಹವ್ಯಾಸವೂ ಸದ್ದಿಲ್ಲದ್ದು, ಕೂತು ಮಾಡುವಂಥದ್ದು ಆಗಿದ್ದರೆ, ಚಿತ್ರ ಬಿಡಿಸೋದು, ಕಸೂತಿ, ಬರವಣಿಗೆ, ಫೋಟೊ ತಿದ್ದೋದು, ರಾತ್ರಿ ಚೆನ್ನಾಗಿಯೇ ಒದಗುತ್ತದೆ.

ಇದರ ಬೆಲೆ ಎರಡು ಕಡೆಯಿಂದ ಹೋಗುತ್ತದೆ. ಮರುದಿನದ ಆಫೀಸು ಒಂದು, ಅದು ಕಾಣಿಸುತ್ತದೆ. ಇನ್ನೊಂದು ಕಾಣಿಸುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಕೂತು ಮಾತಾಡೋಕೆ ದಿನದಲ್ಲಿ ಇರುವುದು ಆ ಅರ್ಧ ಗಂಟೆ. ಅದನ್ನು ಕಳೆದುಕೊಂಡರೆ ಉಳಿಯುವ ಮಾತೆಲ್ಲ "ಗ್ಯಾಸ್ ಬುಕ್ ಮಾಡಿದ್ಯಾ", "ಫೀಸ್ ಕಟ್ಟಿದ್ಯಾ".

ಮೆಟ್ರೊದ ಒಂದು ಗಂಟೆ

ಇದು ನಾನು ಅಂದುಕೊಂಡದ್ದಕ್ಕಿಂತ ಎಷ್ಟೋ ಚೆನ್ನಾಗಿ ಒದಗಿ ಬಂತು. 2023ರ ಅಕ್ಟೋಬರ್‌ಗೆ ಮೊದಲು ಬೈಯಪ್ಪನಹಳ್ಳಿಯಲ್ಲಿ ಇಳಿದು, ಕೆ.ಆರ್. ಪುರದವರೆಗೆ ಬಸ್ಸು ಹಿಡಿದು, ಅಲ್ಲಿ ಮತ್ತೆ ಮೆಟ್ರೊ ಹತ್ತಬೇಕಿತ್ತು. ನಡುವೆ ಎರಡು ಕಿಲೋಮೀಟರ್ ಚಿಲ್ಲರೆ ಹಾದಿ ಅಷ್ಟೇ, ಆದರೆ ಆ ಇಳಿಯೋದು ಹತ್ತೋದರಲ್ಲಿ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಆ ತುಂಡು ಸೇರಿಕೊಂಡ ಮೇಲೆ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ದಾರ, 43 ಕಿಲೋಮೀಟರ್‌ಗೂ ಜಾಸ್ತಿ. ವಿಜಯನಗರದಲ್ಲಿ ಹತ್ತಿದರೆ ಕುಂದಲಹಳ್ಳಿಗೆ ಹೆಚ್ಚುಕಡಿಮೆ ಒಂದು ಗಂಟೆ, ಯಾರೂ ಏಳಿಸುವುದಿಲ್ಲ. ಸೀಟು ಸಿಕ್ಕಿದ್ದರೆ ಅನ್ನಿ. ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವುದನ್ನು ನೋಡಿದವರಿಗೆ ಹೇಳಬೇಕಾಗಿಲ್ಲ.

ಅಲ್ಲಿ ಪಿಟೀಲು ನುಡಿಸೋಕೆ ಆಗಲ್ಲ, ಸರಿ. ಆದರೆ ಸಂಗೀತದಲ್ಲಿ ಅರ್ಧ ಕೆಲಸ ಕಿವಿಯದು ಮತ್ತು ನೆನಪಿನದು. ಪಾಠದ ರೆಕಾರ್ಡಿಂಗ್ ಇಯರ್‌ಫೋನಿನಲ್ಲಿ, ತಾಳ ತೊಡೆಯ ಮೇಲೆ. ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ತಟ್ಟು ಬೀಸು, ತಟ್ಟು ಬೀಸು. ಮೊದಮೊದಲು ಪಕ್ಕದವರು ಇವನಿಗೇನೋ ಆಗಿದೆ ಅನ್ನೋ ಹಾಗೆ ನೋಡುತ್ತಿದ್ದರು. ಒಂದು ದಿನ ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ಇಂದಿರಾನಗರದಲ್ಲಿ ಇಳಿಯುವಾಗ "ಬೀಸು ಬೇಗ ಹಾಕ್ತಾ ಇದೀರಿ" ಅಂತ ಹೇಳಿ ಹೋದರು! ಮೇಷ್ಟ್ರು ಒಂದು ವರ್ಷದಿಂದ ಹೇಳುತ್ತಿದ್ದುದೂ ಅದನ್ನೇ.

ಹೆಂಡತಿ ತನ್ನ ಮಾತುಗಳನ್ನು ಬಾಯಿಪಾಠ ಮಾಡುವುದೂ ಬ್ಯಾಂಕಿಗೆ ಹೋಗುವ ದಾರಿಯಲ್ಲೇ. ಈ ಗಂಟೆಯನ್ನು ಯಾರಿಂದಲೂ ಕಿತ್ತುಕೊಳ್ಳಬೇಕಾಗಿಲ್ಲ, ಅದು ಹೇಗೂ ಹಾಳಾಗುವ ಗಂಟೆ. ತೆರಬೇಕಾದ ಬೆಲೆ ಅಂದರೆ ಫೋನಿನಲ್ಲಿ ರೀಲ್ಸ್ ನೋಡುವ ಸುಖ ಮಾತ್ರ. ಬೈಕು, ಕಾರು ಓಡಿಸಿಕೊಂಡು ಹೋಗುವವರಿಗೆ ಇದನ್ನು ಹೇಳುತ್ತಿಲ್ಲ. ಟ್ರಾಫಿಕ್ಕಿನಲ್ಲಿ ತಾಳ ಹಾಕಬೇಡಿ.

ಶನಿವಾರದ ಪಾಠ

ವಾರಕ್ಕೊಂದು ದಿನ, ಮೂರು ಗಂಟೆ, ಕಲಿಯುವುದೆಲ್ಲ ಅದರಲ್ಲೇ. ಕೇಳೋಕೆ ಅಚ್ಚುಕಟ್ಟು. ಆದರೆ ನಮ್ಮ ಮದುವೆ, ನಾಮಕರಣ, ಗೃಹಪ್ರವೇಶ, ಶಾಲೆಯ ಮೀಟಿಂಗು, ಅಪಾರ್ಟ್‌ಮೆಂಟಿನ ಸಭೆ ಎಲ್ಲವೂ ಬಂದು ಬೀಳುವುದು ಶನಿವಾರ ಭಾನುವಾರದ ಮೇಲೆ. ಮೊದಲ ವರ್ಷ ನಾನು ಪಾಠ ತಪ್ಪಿಸಿಕೊಳ್ಳದ ಒಂದೇ ತಿಂಗಳು ಆಷಾಢ. ಆ ತಿಂಗಳು ಮದುವೆ ಇರುವುದಿಲ್ಲವಲ್ಲ, ಅದಕ್ಕೆ.

ಮಗು ಸಣ್ಣದಿದ್ದರೆ ಶನಿವಾರ ಬೆಳಗ್ಗೆ ಅನ್ನುವುದು ಅದರ ಆಸ್ತಿ. ವಾರವಿಡೀ ಕಾದಿರುತ್ತದೆ. ನನ್ನ ಮಗಳು ಐದು ವರ್ಷದವಳಿದ್ದಾಗ ಪಿಟೀಲಿನ ಪೆಟ್ಟಿಗೆ ಕಂಡರೆ ಮುಖ ಊದಿಸುತ್ತಿದ್ದಳು. ಅದಕ್ಕೇ ಆಗ ಹಿಡಿದಿದ್ದ ಶನಿವಾರದ ಬ್ಯಾಚ್ ಮೂರೇ ತಿಂಗಳಲ್ಲಿ ಬಿಟ್ಟಿದ್ದೆ. ಮತ್ತೆ ಶುರು ಮಾಡಿದ್ದು ಅವಳಿಗೆ ಶನಿವಾರ ಅವಳದೇ ಡಾನ್ಸ್ ಕ್ಲಾಸು ಬಂದ ಮೇಲೆ. ಅವಳನ್ನು ಬಿಟ್ಟು ನಾನು ಪಾಠಕ್ಕೆ ಹೋಗುತ್ತೇನೆ, ಬರುವಾಗ ಕರೆದುಕೊಂಡು ಬರುತ್ತೇನೆ. ಮಗುವಿನ ಕ್ಲಾಸಿನ ಹೊರಗೆ ಕಾರಿನಲ್ಲಿ ಕೂತು ಫೋನ್ ನೋಡುವ ಅಪ್ಪಂದಿರೇ, ಆ ಒಂದು ಗಂಟೆಗೆ ಇನ್ನೂ ಯಾರೂ ಹಕ್ಕು ಹೂಡಿಲ್ಲ.

ಹೊಸದು ಕಲಿಯೋಕೆ ಶನಿವಾರ ಒಳ್ಳೆಯದು, ಅಭ್ಯಾಸಕ್ಕೆ ಸಾಲದು. ವಾರಕ್ಕೊಮ್ಮೆ ಮೂರು ಗಂಟೆ ಉಜ್ಜುವುದಕ್ಕಿಂತ ದಿನಕ್ಕೆ ಅರ್ಧ ಗಂಟೆ ಉಜ್ಜಿದ ಬೆರಳು ಬೇಗ ದಾರಿಗೆ ಬರುತ್ತದೆ. ಚಾರಣ, ತೋಟಗಾರಿಕೆ, ಹಕ್ಕಿ ನೋಡೋದು ಇಂಥವಕ್ಕೆ ಈ ಮಾತು ಲಾಗೂ ಆಗುವುದಿಲ್ಲ. ಅವು ಕೇಳುವುದೇ ಉದ್ದನೆಯ ಹೊತ್ತನ್ನು.

ಒಂದೇ ಸಲಕ್ಕೆ ಉದ್ದನೆಯ ರಜೆ ಹಾಕುವುದು ಕೂಡ ಇದೇ ಜಾತಿಯದು. ಹೆಗ್ಗೋಡಿನಲ್ಲಿ ನೀನಾಸಂ ಅನ್ನೋ ರಂಗಸಂಸ್ಥೆಯವರು ದಸರೆಯ ಆಸುಪಾಸಿನಲ್ಲಿ ನಡೆಸುತ್ತಾ ಬಂದ ಸಂಸ್ಕೃತಿ ಶಿಬಿರಕ್ಕೆ ಹೆಂಡತಿ ಒಂದು ವರ್ಷ ಹೋಗಿ ಬಂದಳು. ಆ ವಾರ ನಾನು, ಅಮ್ಮ, ಮಗಳು ಮೂವರೇ ಮನೆಯಲ್ಲಿ. ವಾಪಸ್ ಬಂದವಳ ಮುಖ ನೋಡಿದರೆ ಅಷ್ಟೂ ರಜೆ ಸಾರ್ಥಕ ಅನ್ನಿಸಿತು. ನಾಟಕ, ಸಾಹಿತ್ಯದಂಥ ಹಸಿವಿಗೆ ವರ್ಷಕ್ಕೊಂದು ಹೊಟ್ಟೆತುಂಬ ಊಟ ನಡೆಯುತ್ತದೆ. ವಾದ್ಯಕ್ಕೆ ನಡೆಯುವುದಿಲ್ಲ.

ಮಗುವನ್ನೇ ಜೊತೆಗೆ ಹಾಕಿಕೊಳ್ಳೋದು

ಒಂದೇ ಕಲ್ಲಿಗೆ ಎರಡು ಹಕ್ಕಿ ಅಂತ ನನಗೂ ಅನ್ನಿಸಿತ್ತು. ಮಗಳನ್ನೂ ಕರೆದುಕೊಂಡು ಹೋದೆ. ಮಕ್ಕಳ ಬೆರಳು, ಕಿವಿ ಎರಡೂ ಚುರುಕು. ನಾನು ಜಂಟಿ ವರಸೆಯಲ್ಲಿ ಸಿಕ್ಕಿಕೊಂಡಿದ್ದಾಗ ಅವಳು ಆಮೇಲೆ ಬರುವ ಅಲಂಕಾರದ ಪಾಠಕ್ಕೆ ದಾಟಿದ್ದಳು. ಒಂದು ದಿನ ಪಕ್ಕದ ಕೋಣೆಯಲ್ಲಿ ಹೋಂವರ್ಕ್ ಮಾಡುತ್ತಾ ಕೂತಲ್ಲಿಂದಲೇ ಕೂಗಿದಳು, "ಅಪ್ಪಾ, ನಿನ್ನ ಗ ಇಳೀತಿದೆ!" ಮಾಯಾಮಾಳವಗೌಳ ರಾಗದ ಗಾಂಧಾರ ಸ್ವರ. ನೋಡಿದರೆ ಹೌದು, ಬೆರಳು ಅಕ್ಕಿಯ ಕಾಳಿನಷ್ಟು ಹಿಂದೆ ಕೂತಿತ್ತು.

ಖುಷಿಯ ದಿನಗಳು ಅವು, ಸುಳ್ಳು ಹೇಳುವುದಿಲ್ಲ. ಆದರೆ ಎಂಟು ತಿಂಗಳಿಗೆ ನಾನು ಅಪ್ಪನಿಂದ ಮೇಷ್ಟ್ರಾಗಿಬಿಟ್ಟಿದ್ದೆ. "ಅಭ್ಯಾಸ ಮಾಡಿದ್ಯಾ?" ದಿನಕ್ಕೆ ಮೂರು ಸಲ. ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಿಸುವ ಮಾತನ್ನೂ ಎತ್ತಿದೆ. ಅವಳು ಒಂದು ದಿನ ಕಮಾನು ಕೆಳಗಿಟ್ಟು "ಇದು ನಿಂದು, ನಂದಲ್ಲ" ಅಂದಳು. ಡಾನ್ಸಿಗೆ ಹೋಗತೊಡಗಿದ್ದು ಆಮೇಲೆ.

ಈ ದಾರಿ ಹಿಡಿಯುವವರಿಗೆ ಒಂದೇ ಕಿವಿಮಾತು. ಮಗುವಿಗೆ ಅದು ಆಟವಾಗಿದ್ದಷ್ಟು ದಿನ ಸೇರಿಸಿಕೊಳ್ಳಿ, ಅದು ಎದ್ದು ಹೋದ ದಿನ ತಡೆಯಬೇಡಿ, ಮತ್ತು ನಿಮ್ಮ ಅಭ್ಯಾಸದ ಹೊತ್ತನ್ನು ಮಗುವಿನ ಜೊತೆ ಕಳೆದ ಹೊತ್ತು ಅಂತ ಲೆಕ್ಕ ಬರೆದುಕೊಳ್ಳಬೇಡಿ. ತೋಟ, ಈಜು, ಅಡುಗೆ, ಸೈಕಲ್ಲು ಇವಕ್ಕೆ ಮಕ್ಕಳು ಸಲೀಸಾಗಿ ಬರುತ್ತಾರೆ. ತಪ್ಪು ಸರಿ ಅಂತ ತಿದ್ದಬೇಕಾದ ವಿದ್ಯೆಗಳಲ್ಲೇ ತೊಂದರೆ.

ಕೆಲಸದ ಕಡೆಯಿಂದ ತೆಗೆಯೋದು

ಆಫೀಸಿನಲ್ಲಿ ಬೇಗ ಬೇಗ ಕೆಲಸ ಮುಗಿಸಿದರೆ ಸಂಜೆ ಸಿಗುತ್ತದೆ ಅಂತ ನಂಬಿದ್ದ ಕಾಲವೊಂದಿತ್ತು. ಗಮನ ಕೊಟ್ಟು ಕೂತೆ, ಚಾಟ್ ಮುಚ್ಚಿಟ್ಟೆ, ಟೀ ಬ್ರೇಕ್ ಕಡಿಮೆ ಮಾಡಿದೆ, ನಾಲ್ಕಕ್ಕೇ ಮುಗಿಸಿದೆ. ನಾಲ್ಕೂ ಹತ್ತಕ್ಕೆ ಇನ್ನೊಂದು ಕೆಲಸ ಬಂತು. ಬೇಗ ಮುಗಿಸುವವನ ಮೇಜಿಗೇ ಇನ್ನಷ್ಟು ಬರುತ್ತದೆ, ಗಾಣದ ಎತ್ತು ಚುರುಕಾಗಿ ನಡೆದರೆ ಗಾಣ ನಿಲ್ಲುತ್ತದೆಯೇ? ಸಂಜೆ ಸಿಕ್ಕಿದ್ದು ಚುರುಕಿನಿಂದಲ್ಲ, ಎದ್ದು ಹೋಗುವ ಹೊತ್ತನ್ನು ಮೊದಲೇ ಹೇಳಿಟ್ಟಿದ್ದರಿಂದ. ಕ್ಯಾಲೆಂಡರಿನಲ್ಲಿ ಬುಧವಾರ 5.30ರಿಂದ "ಪಿಟೀಲು" ಅಂತಲೇ ಬರೆದು ಮುಚ್ಚಿಟ್ಟೆ. ಮೊದಲು "ಡಾಕ್ಟರ್" ಅಂತ ಹಾಕುತ್ತಿದ್ದೆ, ನಾಲ್ಕನೇ ವಾರಕ್ಕೆ ಮ್ಯಾನೇಜರ್ ಬಂದು ಆರೋಗ್ಯ ಹೇಗಿದೆ ಅಂತ ವಿಚಾರಿಸಿದಾಗ ನಾಚಿಕೆಯಾಯಿತು. ನಿಜ ಹೇಳಿದ ಮೇಲೆ ಯಾರೂ ಏನೂ ಅನ್ನಲಿಲ್ಲ. ಎಲ್ಲ ಆಫೀಸಿನಲ್ಲೂ ಹೀಗೇ ಆಗುತ್ತದೆ ಅಂತ ಭರವಸೆ ಕೊಡಲಾರೆ.

ಇದರ ಮುಂದಿನ ಹೆಜ್ಜೆ ಸಂಬಳ ಬಿಟ್ಟು ದಿನ ಕೊಂಡುಕೊಳ್ಳೋದು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಸಹೋದ್ಯೋಗಿಯೊಬ್ಬಳು ವಾರಕ್ಕೆ ನಾಲ್ಕೇ ದಿನದ ಒಪ್ಪಂದಕ್ಕೆ ಹೋದಳು, ಚಿತ್ರಕಲೆಗೆ ಅಂತ. ಸಂಬಳ ಐದನೇ ಒಂದು ಪಾಲು ಇಳಿಯಿತು, ಕೆಲಸ ಇಳಿಯಲಿಲ್ಲ. ಐದು ದಿನದ ಕೆಲಸವನ್ನೇ ನಾಲ್ಕು ದಿನದಲ್ಲಿ ಮಾಡುತ್ತಿದ್ದಳು, ಶುಕ್ರವಾರ ಬ್ರಶ್ ಹಿಡಿದು ಕೂತರೆ ಫೋನ್. ವರ್ಷ ತುಂಬುವ ಮೊದಲೇ ವಾಪಸ್ ಐದು ದಿನಕ್ಕೆ ಬಂದಳು. ನೀವೂ ಆ ಕಡೆ ಯೋಚಿಸುತ್ತಿದ್ದರೆ ಕೆಲಸ ಎಷ್ಟು ಕಡಿಮೆಯಾಗುತ್ತದೆ, ಅದನ್ನು ಯಾರು ಮಾಡುತ್ತಾರೆ ಅನ್ನುವುದನ್ನು ಕಾಗದದ ಮೇಲೆ ಬರೆಸಿಕೊಳ್ಳಿ. ಮನೆ ಸಾಲದ ಕಂತು ಮೊದಲಿನಷ್ಟೇ ಇರುತ್ತದೆ, ಮರೆಯಬೇಡಿ. ಪಿಎಫ್‌ಗೆ ಹೋಗುವ ಹಣ ಮೂಲ ವೇತನದ ಜೊತೆಗೇ ಇಳಿಯುತ್ತದೆ. ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯ ಲೆಕ್ಕ ಹಾಕುವುದು ಕೊನೆಗೆ ಪಡೆದ ಸಂಬಳದ ಮೇಲೆ, ಹಾಗಾಗಿ ಕಡಿಮೆ ಸಂಬಳದಲ್ಲಿದ್ದಾಗಲೇ ಕೆಲಸ ಬಿಟ್ಟರೆ ಹಿಂದಿನ ವರ್ಷಗಳಿಗೂ ಪೆಟ್ಟು ಬೀಳಬಹುದು. ಇದನ್ನು ಎಚ್‌ಆರ್ ಹತ್ತಿರ ಮೊದಲೇ ಕೇಳಿ.

ಕೆಲಸವನ್ನೇ ಬಿಟ್ಟು ಹವ್ಯಾಸದ ಹಿಂದೆ ಹೋಗುವ ಬಗ್ಗೆ ನನಗೆ ಹೇಳೋಕೆ ಏನೂ ಇಲ್ಲ. ಅದು ಹವ್ಯಾಸಕ್ಕೆ ಹೊತ್ತು ಹೊಂದಿಸುವ ಮಾತಲ್ಲ, ಬೇರೆ ಕೆಲಸ ಹಿಡಿಯುವ ಮಾತು.

ಪಾಳಿ

ಕೊನೆಗೆ ನಮ್ಮ ಮನೆಯಲ್ಲಿ ನಿಂತದ್ದು ಇದು. ಹೆಂಡತಿಯ ನಾಟಕದಿಂದ ಶುರುವಾಯಿತು. ಪಿಟೀಲಿಗೆ ಯಾವ ಹೊತ್ತಾದರೂ ನಡೆಯುತ್ತದೆ, ನಾಟಕಕ್ಕೆ ನಡೆಯುವುದಿಲ್ಲ. ಹತ್ತು ಹನ್ನೆರಡು ಜನ ಸೇರಬೇಕು, ಎಲ್ಲರೂ ನೌಕರಿಯವರು, ಹಾಗಾಗಿ ತಾಲೀಮು ಸಂಜೆ ಆರೂವರೆಯಿಂದ ಒಂಬತ್ತರವರೆಗೆ. ಪ್ರದರ್ಶನ ಹತ್ತಿರ ಬಂದಾಗ ದಿನವೂ. ಒಬ್ಬಳು ಬರದಿದ್ದರೆ ಉಳಿದವರ ಸಂಜೆಯೂ ಹಾಳು. ಜೆ.ಪಿ. ನಗರದ ರಂಗಶಂಕರದಲ್ಲಿ 7.30ರ ನಾಟಕ ಅಂದರೆ 7.30ಕ್ಕೆ ಬಾಗಿಲು ಹಾಕುತ್ತಾರಲ್ಲ, 2004ರಲ್ಲಿ ಶುರುವಾದಾಗಿನಿಂದ ಆ ಶಿಸ್ತಿಗೇ ಹೆಸರಾದ ಜಾಗ, ನೋಡುವವರೇ ಅಷ್ಟು ಕಟ್ಟುನಿಟ್ಟಾಗಿ ಬರಬೇಕಾದರೆ ಆಡುವವರ ಪಾಡು ಕೇಳಬೇಕೆ.

ಎರಡು ವರ್ಷ ಅವಳು ಪಾತ್ರ ಬಿಟ್ಟಿದ್ದಳು, ಮಗಳಿಗೋಸ್ಕರ ಅಂತ. ಬೆಳಗಿನ ಆ ಹುರುಳಿಕಾಯಿ ಮಾತುಕತೆ ಆದ ಮೇಲೆ ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆವು. ಮಂಗಳವಾರ, ಗುರುವಾರ ಸಂಜೆ ಅವಳದು. ಬುಧವಾರ ನನ್ನದು, ಜೊತೆಗೆ ಶನಿವಾರದ ಪಾಠ. ತಾಲೀಮು ದಿನವೂ ಇರುವ ಮೂರ್ನಾಲ್ಕು ವಾರ ನನ್ನ ಬುಧವಾರವೂ ಅವಳಿಗೆ, ನಾಟಕ ಮುಗಿದ ಮೇಲೆ ಅಷ್ಟೂ ದಿನ ನನಗೆ ವಾಪಸ್. ಬಡ್ಡಿ ಇಲ್ಲ.

ಕಷ್ಟವಾದದ್ದು ಹಾಳೆ ಬರೆಯೋದಲ್ಲ, ಮನೆಯಲ್ಲಿರುವವರು ಪೂರ್ತಿ ಜವಾಬ್ದಾರಿ ತೆಗೆದುಕೊಳ್ಳೋದು. ಮೊದಲ ಮಂಗಳವಾರ ನಾನು ಅವಳಿಗೆ ನಾಲ್ಕು ಸಲ ಫೋನ್ ಮಾಡಿದೆ. ಹುಣಸೆಹಣ್ಣು ಎಲ್ಲಿದೆ? ಬೇಳೆ ಎಷ್ಟು? ಮಗಳ ಯೂನಿಫಾರ್ಮ್ ಒಗೆಯೋದಾ, ನಾಳೆ ಬೇರೆಯದಾ? ನಾಲ್ಕನೆಯದಕ್ಕೆ ಅವಳು ಎತ್ತಲಿಲ್ಲ. ರಾತ್ರಿ ಬಂದು ಹಾಳೆಯ ಕೆಳಗೆ ಪೆನ್ನಿನಲ್ಲಿ ಒಂದು ಸಾಲು ಬರೆದಳು: "ಪಾಳಿಯ ಹೊತ್ತಲ್ಲಿ ಫೋನ್ ಇಲ್ಲ. ಡಬ್ಬಿಗಳ ಮೇಲೆ ಹೆಸರಿದೆ." ಹೆಸರು ಹಾಕಿದ್ದು ಅವತ್ತೇ ರಾತ್ರಿ, ಹಾಕಿದವನು ನಾನು. ಈಗಲೂ ನಾನು ಮಾಡುವ ಸಾರು ಅವಳ ಸಾರಿನ ಥರ ಇರುವುದಿಲ್ಲ. ಅವಳು ಅದನ್ನು ತಿದ್ದುವುದಿಲ್ಲ, ಅದೂ ಪಾಳಿಯ ನಿಯಮವೇ. ತಿದ್ದುತ್ತಾ ಕೂತರೆ ಕೆಲಸ ಕೈ ಬದಲಾಗಲೇ ಇಲ್ಲ ಅಂತ ಅರ್ಥ.

ಪಾಳಿ ಎಲ್ಲರಿಗೂ ಆಗುವುದಿಲ್ಲ. ಒಬ್ಬರೇ ಮಗುವನ್ನು ಸಾಕುತ್ತಿರುವವರಿಗೆ ಪಾಳಿ ಹಂಚಿಕೊಳ್ಳೋಕೆ ಯಾರಿದ್ದಾರೆ? ಅವರಿಗೆ ಮೆಟ್ರೊದ ಹೊತ್ತು ಮತ್ತು ಮಗುವಿನ ಕ್ಲಾಸಿನ ಹೊತ್ತು, ಎರಡೇ ನನಗೆ ಕಾಣುವುದು. ಇಲ್ಲವೇ ಅದೇ ಕಷ್ಟದಲ್ಲಿರುವ ಇನ್ನೊಂದು ಮನೆಯ ಜೊತೆ ಮಾತಾಡಿಕೊಂಡು, ಒಂದು ಸಂಜೆ ಇವರ ಮನೆಯಲ್ಲಿ ಎರಡೂ ಮಕ್ಕಳು, ಇನ್ನೊಂದು ಸಂಜೆ ಅವರ ಮನೆಯಲ್ಲಿ. ನಮ್ಮ ಬಿಲ್ಡಿಂಗಿನಲ್ಲೇ ಇಬ್ಬರು ಹಾಗೆ ಮಾಡುತ್ತಾರೆ. ಆಸ್ಪತ್ರೆ, ಕಾರ್ಖಾನೆಯ ಶಿಫ್ಟಿನಲ್ಲಿ ದುಡಿಯುವವರಿಗೆ ವಾರ ವಾರ ಹೊತ್ತು ಬದಲಾಗುತ್ತದೆ, ಅವರು ಹಾಳೆಯನ್ನೂ ವಾರ ವಾರ ಬರೆಯಬೇಕು, ಮತ್ತು ತಂಡ ಕಟ್ಟಿ ಮಾಡುವ ಹವ್ಯಾಸಕ್ಕಿಂತ ಒಬ್ಬರೇ ಮಾಡುವಂಥದ್ದನ್ನು ಹಿಡಿಯುವುದು ವಾಸಿ.

ಒಂಬತ್ತು ತಿಂಗಳು ಹೀಗೆ ನಡೆಯಿತು. ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ಅವಳ ನಾಟಕ ಆಯಿತು, ನಾವೆಲ್ಲ ಹೋಗಿ ಮುಂದಿನ ಸಾಲಿನಲ್ಲಿ ಕೂತು ನೋಡಿದೆವು. ಪಾಳಿಯಿಂದ ಯಾರಿಗೂ ನಷ್ಟ ಇಲ್ಲ, ಲೆಕ್ಕ ಸರಿಹೋಯಿತು ಅಂತ ನಾನು ಬೀಗುತ್ತಿದ್ದೆ. ಹೋದ ತಿಂಗಳು ಅಮ್ಮ ಕನ್ನಡಕ ಹಾಕಿಕೊಂಡು ಫ್ರಿಜ್ಜಿನ ಮುಂದೆ ನಿಂತು ಆ ಹಾಳೆಯನ್ನು ಉದ್ದಕ್ಕೆ ಓದಿದರು. "ಶುಕ್ರವಾರ ಯಾರ್ದೂ ಅಲ್ವೇನಪ್ಪಾ?" ಅಂದರು. ಯಾರದೂ ಅಲ್ಲ ಅಂದೆ. "ಹಾಗಾದ್ರೆ ನನ್ನ ಹೆಸರು ಬರಿ. ಶುಕ್ರವಾರದ ಭಜನೆಗೆ ಹೋಗದೆ ಎಷ್ಟು ದಿನ ಆಯ್ತು ಗೊತ್ತಾ? ನೀವಿಬ್ರೂ ಬರೋದು ಎಂಟು ಗಂಟೆಗೆ. ಮಗು ಶಾಲೆಯಿಂದ ಬರೋ ಹೊತ್ತಿಗೆ ಮನೇಲಿ ಯಾರಾದ್ರೂ ಇರಬೇಕಲ್ಲ."

ಈಗ ಶುಕ್ರವಾರ ನಾನು ಮನೆಯಿಂದಲೇ ಕೆಲಸ ಮಾಡುತ್ತೇನೆ. ನಾಲ್ಕೂವರೆಗೆ ಮಗಳಿಗೆ ಬಾಗಿಲು ತೆಗೆಯುವುದು, ಹಾಲು ಕಾಯಿಸಿ ಕೊಡುವುದು ನನ್ನ ಪಾಲು. ಐದಕ್ಕೆ ಅಮ್ಮ ತಾಳ ಹಿಡಿದುಕೊಂಡು ಮೆಟ್ಟಿಲಿಳಿಯುತ್ತಾರೆ, ಬರೋದು ಏಳೂವರೆಗೆ, ಕೆಲವು ಸಲ ಎಂಟು. ಯಾಕೆ ತಡ ಅಂತ ಕೇಳಬಾರದು ಅಂತ ಹೆಂಡತಿ ಹೇಳಿದ್ದಾಳೆ.